ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಚೆನ್ನೈನ ಹಳೆಯ ಎಸ್‌ಯುವಿಗಳ ಸಸ್ಪೆನ್ಷನ್ ಚರಿತ್ರೆ

ಹಿಂಗಾರು ಹಿಡಿಯಿತೆಂದರೆ ಚೆನ್ನೈನ ಹವಾ ವರದಿಯಲ್ಲಿ ಎರಡು ಹೆಸರು ತಪ್ಪದೆ ಬರುತ್ತವೆ: ನುಂಗಂಬಾಕ್ಕಂ ಮತ್ತು ಮೀನಂಬಾಕ್ಕಂ. ನಗರದ ಮಳೆಯ ಲೆಕ್ಕ ಮುಖ್ಯವಾಗಿ ಸಿಗುವುದು ಈ ಎರಡು ಕಡೆಯಿಂದ. ನುಂಗಂಬಾಕ್ಕಂನ ಕಾಲೇಜು ರಸ್ತೆಯಲ್ಲಿ ಇಂದು ಹವಾಮಾನ ಕೇಂದ್ರವಿರುವ ಆವರಣ, 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ ಮದ್ರಾಸ್ ವೀಕ್ಷಣಾಲಯದ ಜಾಗ. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಕಾಲಕ್ಕೆ ದೊಡ್ಡ ಕೆರೆಯಿತ್ತು. ಕೆರೆ ಮುಚ್ಚಿ ಮನೆಗಳೆದ್ದ ಮೇಲೂ ಆ ಭಾಗಕ್ಕೆ ‘ಲೇಕ್ ಏರಿಯಾ’ ಎಂಬ ಹೆಸರು ಉಳಿದಿದೆ. 1976ರಲ್ಲಿ ಉದ್ಘಾಟನೆಯಾದ ವಳ್ಳುವರ್ ಕೋಟ್ಟಂ ನಿಂತಿರುವುದೂ ಆ ಕೆರೆಯ ಅಂಗಳದಲ್ಲೇ. ಜೋರು ಮಳೆ ಬಂದಾಗ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬರುತ್ತದೆ. 2015ರ ಡಿಸೆಂಬರ್ ಪ್ರವಾಹದಲ್ಲಿ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿ ಚೆನ್ನೈ ಇದನ್ನು ಚೆನ್ನಾಗಿಯೇ ಕಂಡಿದೆ.

ಇಂಥ ನೀರಿಗೆ ಧೈರ್ಯವಾಗಿ ಇಳಿಯುವುದು ಎತ್ತರದ ಗಾಡಿಗಳು. ಎಂಜಿನ್ನಿಗೆ ನೀರು ಹೋಗದಿದ್ದರೆ ಸಾಕು, ಗಾಡಿ ಗೆದ್ದಿತು ಎಂದು ಮಾಲೀಕರು ಸಮಾಧಾನಪಡುತ್ತಾರೆ. ಆದರೆ ಚಕ್ರದ ಹಿಂದೆ, ಕಣ್ಣಿಗೆ ಬೀಳದ ಕಡೆ, ಬಾಲ್ ಜಾಯಿಂಟ್ ಎಂಬ ಸಣ್ಣ ಭಾಗವಿದೆ. ಬಟ್ಟಲಿನೊಳಗೆ ಕೂತ ಉಕ್ಕಿನ ಗುಂಡು ಅದು. ಸುತ್ತ ಗ್ರೀಸು, ಮೇಲೆ ರಬ್ಬರಿನ ಟೊಪ್ಪಿ. ಹದಿನೈದು ವರ್ಷದ ಬಿಸಿಲಿಗೆ ಟೊಪ್ಪಿ ಬಿರುಕು ಬಿಟ್ಟಿರುತ್ತದೆ. ಮಳೆನೀರು ಕೆಸರನ್ನು ಒಳಗೆ ತಳ್ಳಿ ಗ್ರೀಸನ್ನು ಹೊರಗೆ ತೊಳೆಯುತ್ತದೆ. ಮುಂದಿನ ಕೆಲಸ ತುಕ್ಕಿನದು. ಎರಡು ಮೂರು ತಿಂಗಳು ಕಳೆದು, ಪೊಂಗಲ್ ಮುಗಿದು ರಸ್ತೆ ಒಣಗಿದ ಮೇಲೆ, ಹಂಪ್ ದಾಟುವಾಗ ಕೆಳಗಿನಿಂದ ‘ಟಕ್’ ಎಂದು ಸದ್ದು ಬರುತ್ತದೆ. ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಎಷ್ಟೋ ಸಲ ಅಲ್ಲಿ ಮೊದಲು ಬದಲಾಗುವುದು ಶಾಕ್ ಅಬ್ಸಾರ್ಬರ್. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಸದ್ದು ಹಾಗೆಯೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈ ತಪ್ಪು ಇಷ್ಟು ಸಾಮಾನ್ಯವಾಗಲು ಕಾರಣವಿದೆ. ಹಳೆಯ ಎಸ್‌ಯುವಿಯ ತಳದಲ್ಲಿ ಇನ್ನೂರು ವರ್ಷಗಳ ತಂತ್ರಗಳು ಒಟ್ಟಿಗೆ ವಾಸವಾಗಿವೆ. ಒಂದು ಕುದುರೆ ಸಾರೋಟಿನಿಂದ ಬಂದದ್ದು, ಇನ್ನೊಂದು ಎರಡು ಮಹಾಯುದ್ಧಗಳ ನಡುವಿನ ಯುರೋಪಿನಿಂದ ಬಂದದ್ದು. ಒಂದೊಂದರ ಕಾಯಿಲೆಯೂ ಬೇರೆ. ಯಾವ ಭಾಗ ಯಾವ ಕೆಲಸಕ್ಕೆ ಹುಟ್ಟಿತು ಎಂಬುದು ಗೊತ್ತಿಲ್ಲದೆ ಯಾವುದು ಕೆಟ್ಟಿದೆ ಎಂದು ಹೇಳುವುದು ಕಷ್ಟ. ಆ ಚರಿತ್ರೆಯ ಹಲವು ಅಧ್ಯಾಯಗಳು ಚೆನ್ನೈನಲ್ಲೇ ನಡೆದಿವೆ.

ಬಿಲ್ಲು, ವಿಲ್, ಕಮಾನು

ಸಸ್ಪೆನ್ಷನ್ ಎಂದರೆ ಕನ್ನಡ ಪತ್ರಿಕೆಗಳಲ್ಲಿ ಅಧಿಕಾರಿಯ ಅಮಾನತು. ಮೂಲದಲ್ಲಿ ಆ ಪದಕ್ಕಿರುವುದು ತೂಗುಹಾಕುವುದು ಎಂಬ ಅರ್ಥ. ಯುರೋಪಿನ ಹಳೆಯ ಸಾರೋಟುಗಳಲ್ಲಿ ಜನ ಕೂರುವ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಿಂದ ಚೌಕಟ್ಟಿಗೆ ನಿಜವಾಗಿಯೂ ತೂಗುಹಾಕುತ್ತಿದ್ದರು. ತೊಟ್ಟಿಲಿನ ಹಾಗೆ ಅದು ಓಲಾಡುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಒಬಾಡಯ ಎಲಿಯಟ್ ಎಂಬ ಸಾರೋಟು ತಯಾರಕ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ ಪೇಟೆಂಟ್ ಪಡೆದ. ತೂಗುವುದು ನಿಂತಿತು, ಹೆಸರು ಮಾತ್ರ ಉಳಿಯಿತು.

ನಮ್ಮ ಕಡೆ ಆ ಉಕ್ಕಿನ ಕಟ್ಟಿಗೆ ಕೊಟ್ಟ ಹೆಸರು ಅದರ ಆಕಾರವನ್ನು ಹಿಡಿದಿದೆ. ಲಾರಿ ಗ್ಯಾರೇಜುಗಳಲ್ಲಿ ಅದು ಕಮಾನ್ ಪಟ್ಟಿ. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ತಮಿಳಿನಲ್ಲಿ ಸುರುಳಿ ಸ್ಪ್ರಿಂಗಿಗೆ ‘ಸುರುಳ್ ವಿಲ್’ ಎನ್ನುತ್ತಾರೆ. ಆ ‘ವಿಲ್’ ನಮ್ಮ ‘ಬಿಲ್ಲು’ವಿನ ಒಡಹುಟ್ಟು. ಬಾಗಿಸಿದಷ್ಟೂ ಎದುರು ಒತ್ತುವುದು, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುವುದು: ಸ್ಪ್ರಿಂಗಿನ ಗುಣವೆಲ್ಲ ಈ ಮಾತಿನಲ್ಲಿದೆ. ಅದರ ರೋಗವೂ ಇದರಲ್ಲೇ ಇದೆ. ಬಹಳ ಕಾಲ ಭಾರ ಹೊತ್ತ ಬಿಲ್ಲು ಮೊದಲಿನ ಆಕಾರಕ್ಕೆ ಪೂರ್ತಿ ಮರಳುವುದಿಲ್ಲ.

ಈ ವಿದ್ಯೆ ಮದ್ರಾಸಿಗೆ ಬಂದದ್ದು ಮೋಟಾರಿಗಿಂತ ಬಹಳ ಮೊದಲು. 1840ರಲ್ಲಿ ಆರಂಭವಾದ ಸಿಂಪ್ಸನ್ ಕಂಪನಿ ಕುದುರೆಯ ಜೀನು ಮತ್ತು ಸಾರೋಟು ಮಾಡುತ್ತಿತ್ತು. ಅದೇ ಕಂಪನಿಯ ಸ್ಯಾಮ್ಯುಯಲ್ ಜಾನ್ ಗ್ರೀನ್ 1903ರಲ್ಲಿ ಹಬೆಯಿಂದ ಓಡುವ ಕಾರನ್ನು ಕಟ್ಟಿದ. ಭಾರತದಲ್ಲಿ ತಯಾರಾದ ಮೊದಲ ಹಬೆ ಕಾರು ಎಂದು ಅದನ್ನು ಗುರುತಿಸುತ್ತಾರೆ. ಮೌಂಟ್ ರೋಡಿನ ಆ ಕಾರ್ಖಾನೆಗೆ ಹಬೆಯ ಎಂಜಿನ್ ಹೊಸದಾಗಿದ್ದಿರಬಹುದು, ಚಕ್ರದ ಮೇಲೆ ಪೆಟ್ಟಿಗೆ ಕೂರಿಸುವ ಕೆಲಸ ಹೊಸದಲ್ಲ. ಸಾರೋಟಿನ ಕಮಾನು ಕಾರಿನ ಕಮಾನಾಯಿತು. ಮುಂದೆ ಜೀಪಿಗೆ, ಲಾರಿಗೆ, ಬಸ್ಸಿಗೆ ಅದೇ ಕಮಾನು ಬಂತು.

ಒಂದು ಆಕ್ಸಲ್ ಬದಲಾದ ಕಥೆ

ಹೊರಗಿನ ವಿನ್ಯಾಸ ನಮ್ಮ ರಸ್ತೆಗೆ ಒಗ್ಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಮದ್ರಾಸಿನಲ್ಲಿ ಒಂದು ಹಳೆಯ ಉದಾಹರಣೆಯಿದೆ. ವಂಡಲೂರಿನ ಬಳಿಯ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಯಾರಾಗುತ್ತಿತ್ತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪ ಅದು. ಅದರ ಹಿಂದಿನ ಎರಡು ಚಕ್ರಗಳು ಒಂದಕ್ಕೊಂದು ಅಂಟಿಕೊಳ್ಳದೆ, ಒಂದೊಂದೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುವಂತಿದ್ದವು. ಸ್ವಿಂಗ್ ಆಕ್ಸಲ್ ಎಂಬ ಈ ವ್ಯವಸ್ಥೆಯಲ್ಲಿ ಚಕ್ರ ಏರಿಳಿದಂತೆಲ್ಲ ಅದರ ಓರೆಯೂ ಬದಲಾಗುತ್ತದೆ. 1970ರ ದಶಕದ ಆರಂಭದಲ್ಲಿ ಅದೇ ಕಾರ್ಖಾನೆ ಹೆರಾಲ್ಡ್‌ನಿಂದ ಗೆಜೆಲ್ ಎಂಬ ಕಾರು ರೂಪಿಸಿದಾಗ, ಹಿಂದಿನ ಸ್ವತಂತ್ರ ಚಕ್ರಗಳನ್ನು ತೆಗೆದು ಹಳೆಯ ಕಾಲದ ಗಟ್ಟಿ ಆಕ್ಸಲ್ ಕೂರಿಸಿತು. ಕಾಗದದ ಮೇಲೆ ನೋಡಿದರೆ ಅದು ಹಿನ್ನಡೆ. ಆದರೆ ಗಟ್ಟಿ ಆಕ್ಸಲ್ ಯಾವ ಊರಿನ ಮೇಸ್ತ್ರಿಗೂ ಗೊತ್ತಿದ್ದ ವಸ್ತು.

ಗಾಡಿಯ ಬಾಳಿಕೆಯನ್ನು ಅದರ ವಿನ್ಯಾಸದ ಜೊತೆಗೆ ಅದನ್ನು ಬಿಚ್ಚಿ ಜೋಡಿಸುವವರ ತಿಳಿವಳಿಕೆಯೂ ನಿರ್ಧರಿಸುತ್ತದೆ. ಗೆಜೆಲ್ ಕಟ್ಟಿದವರಿಗೆ ತಿಳಿದಿದ್ದ ಈ ಸಂಗತಿ ಮೂವತ್ತು ವರ್ಷಗಳ ನಂತರ ಎಸ್‌ಯುವಿಗಳ ಕಾಲದಲ್ಲಿ ಮತ್ತೆ ಮುಂದೆ ಬಂತು.

ತಿರುಚಿದ ಸರಳು

1998ರಲ್ಲಿ ಟಾಟಾ ಸಫಾರಿ ಬಂತು. 2000ದಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಬಂತು. 2002ರ ಸುಮಾರಿಗೆ ಹಿಂದೂಸ್ತಾನ್ ಮೋಟಾರ್ಸ್ ಚೆನ್ನೈ ಸಮೀಪದ ತಿರುವಳ್ಳೂರಿನಲ್ಲಿ ಮಿತ್ಸುಬಿಷಿ ಪಜೆರೊ ಜೋಡಿಸಿ ಮಾರತೊಡಗಿತು. 2003ರಲ್ಲಿ ನಗರದ ಇನ್ನೊಂದು ಬದಿಯ ಮರೈಮಲೈ ನಗರದಿಂದ ಫೋರ್ಡ್ ಎಂಡೆವರ್ ಹೊರಟಿತು. ಈ ನಾಲ್ಕಕ್ಕೂ ಒಂದು ಸಮಾನ ಅಂಶವಿತ್ತು. ಮುಂದಿನ ಚಕ್ರಗಳ ಭಾರ ಹೊರಲು ಕಮಾನೂ ಇರಲಿಲ್ಲ, ಸುರುಳಿಯೂ ಇರಲಿಲ್ಲ. ಇದ್ದದ್ದು ಒಂದೊಂದು ಬದಿಗೆ ಒಂದೊಂದು ಉದ್ದನೆಯ ಉಕ್ಕಿನ ಸರಳು: ಟಾರ್ಷನ್ ಬಾರ್.

ಸರಳಿನ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಚಕ್ರ ಹಿಡಿದಿರುವ ಆರ್ಮಿಗೆ. ಚಕ್ರ ಮೇಲೆದ್ದಾಗ ಸರಳು ತಿರುಚಿಕೊಳ್ಳುತ್ತದೆ, ಇಳಿದಾಗ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಕೈಗೆ ತಾಗುವ ಎದುರೊತ್ತಡವನ್ನು ನೆನೆದರೆ ತತ್ವ ಅರ್ಥವಾಗುತ್ತದೆ. ಫರ್ಡಿನಾಂಡ್ ಪೋರ್ಷೆ 1931ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1934ರ ಸಿಟ್ರೊಯೆನ್ ಟ್ರಾಕ್ಷನ್ ಅವಾಂ ಕಾರು ಇದನ್ನು ಸಾವಿರಾರು ಮನೆಗಳಿಗೆ ತಲುಪಿಸಿತು. ಸುರುಳಿ ಸ್ಪ್ರಿಂಗಿನಷ್ಟು ಎತ್ತರದ ಜಾಗ ಕೇಳದ ಕಾರಣ, ನಾಲ್ಕು ಚಕ್ರಕ್ಕೂ ಬಲ ಕೊಡುವ ಗಾಡಿಗಳಿಗೆ ಇದು ಹೇಳಿಮಾಡಿಸಿದಂತಿತ್ತು.

ಹಿಂದಿನ ಚಕ್ರಗಳ ವಿಷಯ ಬೇರೆ. ಎಂಡೆವರ್ ಮತ್ತು ಕ್ವಾಲಿಸ್‌ಗೆ ಹಿಂದೆ ಕಮಾನ್ ಪಟ್ಟಿ. ಪಜೆರೊ ಮತ್ತು ಸಫಾರಿಗೆ ಸುರುಳಿ. 2003ರ ಎಂಡೆವರ್‌ನ ಮುಂದೆ 1930ರ ದಶಕವಿತ್ತು, ಹಿಂದೆ ಸಿಂಪ್ಸನ್ ಸಾರೋಟು ಇತ್ತು. 2016ರಲ್ಲಿ ಬಂದ ಹೊಸ ಎಂಡೆವರ್‌ನಲ್ಲಿ ಎರಡೂ ಹೋಗಿ ಸುರುಳಿಗಳು ಬಂದವು. ಹಿಂದಿನ ಆಕ್ಸಲ್ ಅತ್ತಿತ್ತ ಸರಿಯದಂತೆ ತಡೆಯಲು ಹಾಕಿದ ಸನ್ನೆಗಳ ಜೋಡಣೆ ಮಾತ್ರ ಇನ್ನೂ ಹಳೆಯದು: ಜೇಮ್ಸ್ ವಾಟ್ 1784ರಲ್ಲಿ ಹಬೆ ಎಂಜಿನ್ನಿಗೆಂದು ರೂಪಿಸಿದ್ದು.

ಕೇಳುವುದು, ಅಳೆಯುವುದು, ಅಲುಗಿಸುವುದು

ಮೊದಲು ಶಾಕ್ ಅಬ್ಸಾರ್ಬರ್ ಬಗ್ಗೆ ಇರುವ ತಪ್ಪು ತಿಳಿವಳಿಕೆ ಬಿಡಬೇಕು. ಹೆಸರೇ ದಾರಿ ತಪ್ಪಿಸುತ್ತದೆ. ಹೊಡೆತ ತಾಳುವುದು ಸ್ಪ್ರಿಂಗಿನ ಕೆಲಸ. ಹೊಡೆತದ ನಂತರ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ಎಣ್ಣೆಯ ತಡೆಯಿಂದ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್ ಕೆಲಸ. ಗಾಡಿ ಹಂಪ್ ದಾಟಿದ ಮೇಲೂ ದೋಣಿಯಂತೆ ತೂಗುತ್ತಿದ್ದರೆ, ಕೊಳವೆಯ ಮೇಲೆ ಎಣ್ಣೆ ಸೋರಿದ್ದರೆ, ಟೈರಿನ ಮೇಲೆ ಅಲ್ಲಲ್ಲಿ ತಟ್ಟೆಯಂಥ ತಗ್ಗುಗಳಿದ್ದರೆ ಅನುಮಾನ ಅದರ ಮೇಲೆ ಬರಬೇಕು. ಗಾಡಿ ಒಂದು ಬದಿಗೆ ಕುಸಿದು ನಿಂತಿದ್ದರೆ ಸಾಮಾನ್ಯ ಶಾಕ್ ಅಬ್ಸಾರ್ಬರ್ ಎಷ್ಟು ಬದಲಿಸಿದರೂ ಅದು ಮೇಲೇಳುವುದಿಲ್ಲ, ಏಕೆಂದರೆ ಭಾರ ಹೊರುವುದು ಅದಲ್ಲ.

ಕುಸಿತವನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಸಮತಟ್ಟು ನೆಲದಲ್ಲಿ ಗಾಳಿ ಸರಿಯಾಗಿ ತುಂಬಿದ ಚಕ್ರಗಳ ಮೇಲೆ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿಯಬೇಕು. ಮುಂದಿನ ಒಂದು ಬದಿ ತಗ್ಗಿದ್ದರೆ ಟಾರ್ಷನ್ ಬಾರ್ ದಣಿದಿರಬಹುದು. ಇಲ್ಲಿ ಒಂದು ಆಮಿಷವಿದೆ. ಸರಳಿನ ತುದಿಯಲ್ಲಿ ಎತ್ತರ ಹೊಂದಿಸುವ ಬೋಲ್ಟ್ ಇರುತ್ತದೆ, ನಾಲ್ಕು ಸುತ್ತು ತಿರುಗಿಸಿದರೆ ಗಾಡಿ ಮೇಲೇಳುತ್ತದೆ. ತಯಾರಕರು ಹೇಳಿದ ಎತ್ತರಕ್ಕೆ ತರುವಷ್ಟು ತಿರುಗಿಸುವುದು ಸರಿ. ‘ನೋಡಲು ಚೆನ್ನಾಗಿರಲಿ’ ಎಂದು ಅದಕ್ಕಿಂತ ಮೇಲೆತ್ತಿದರೆ ಚಕ್ರ ಕೆಳಗಿಳಿಯಲು ಜಾಗ ಕಡಿಮೆಯಾಗುತ್ತದೆ, ಬಾಲ್ ಜಾಯಿಂಟು ಮತ್ತು ಡ್ರೈವ್ ಶಾಫ್ಟು ಓರೆ ಕೋನದಲ್ಲಿ ದುಡಿಯುತ್ತವೆ, ಗುಂಡಿಯ ಹೊಡೆತ ನೇರ ಚಾಸಿಗೆ ಬರುತ್ತದೆ. ಸರಳನ್ನು ಬಿಚ್ಚಲೇಬೇಕಾದರೆ ಎಡಬಲದ ಗುರುತು, ಹಲ್ಲುಗಳ ಗುರುತು ಹಾಕಿಕೊಳ್ಳಬೇಕು. ಒಂದು ದಿಕ್ಕಿಗೆ ತಿರುಚಿ ಪಳಗಿದ ಸರಳನ್ನು ಇನ್ನೊಂದು ಬದಿಗೆ ಹಾಕುವಂತಿಲ್ಲ. ಒತ್ತಡ ಇಳಿಸದೆ ಕೈಹಾಕಿದರೆ ಜೀವಕ್ಕೇ ಅಪಾಯ. ಅದು ಹೆದೆಯೇರಿಸಿದ ಬಿಲ್ಲು.

ಸದ್ದಿನ ವಿಚಾರ ಇನ್ನೂ ಸೂಕ್ಷ್ಮ. ಇಂಥ ಗಾಡಿಗಳಲ್ಲಿ ಏಣಿಯಂಥ ಉಕ್ಕಿನ ಚಾಸಿ ಇರುತ್ತದೆ, ಸದ್ದು ಅದರುದ್ದಕ್ಕೂ ಹರಿಯುತ್ತದೆ. ಹಿಂದಿನ ಬುಷ್ ಸವೆದ ಸದ್ದು ಚಾಲಕನ ಕಾಲಡಿಯಲ್ಲಿ ಕೇಳಬಹುದು. ಹಾಗಾಗಿ ಅನುಭವಿ ಮೆಕ್ಯಾನಿಕ್ ಎಲ್ಲಿ ಸದ್ದು ಎಂದು ಕೇಳುವ ಮೊದಲು ಯಾವಾಗ ಸದ್ದು ಎಂದು ಕೇಳುತ್ತಾನೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಸಣ್ಣದಾಗಿ ‘ಕಟಕಟ’ ಎಂದರೆ ಸ್ಟೆಬಿಲೈಸರ್ ಲಿಂಕ್ ಇರಬಹುದು. ಲಿಂಕನ್ನು ಕಳಚಿ, ಖಾಲಿ ಜಾಗದಲ್ಲಿ ಮೆಲ್ಲಗೆ ಸ್ವಲ್ಪ ದೂರ ಓಡಿಸಿದಾಗ ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಬ್ರೇಕ್ ಒತ್ತಿದಾಗ, ಬಿಟ್ಟಾಗ ‘ದಡ್’ ಎಂದರೆ ಆರ್ಮಿನ ಬುಷ್‌ಗಳು. ಹಿಂದೆ ಸುರುಳಿ ಇರುವ ಗಾಡಿ ಲೇನ್ ಬದಲಿಸುವಾಗ ಸೊಂಟ ತಿರುಗಿಸಿದಂತಾದರೆ, ಆಕ್ಸಲನ್ನು ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡಿನ ಬುಷ್. ಕಮಾನಿನ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತಿದ್ದರೆ ಪಟ್ಟಿಗಳ ನಡುವಿನ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರವನ್ನು ಎರಡೂ ಬದಿ ಅಳೆದರೆ ಅದು ತಿಳಿಯುತ್ತದೆ.

ಇವುಗಳಲ್ಲಿ ಅತಿ ಗಂಭೀರ ಬಾಲ್ ಜಾಯಿಂಟ್. ಅದು ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ನೆಲಕ್ಕೆ ಕೂರುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟವಿದ್ದರೆ ಅದು ಬಾಲ್ ಜಾಯಿಂಟೂ ಇರಬಹುದು, ಚಕ್ರದ ಬೇರಿಂಗೂ ಇರಬಹುದು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗ್. ಪಕ್ಕದಿಂದ ಪಕ್ಕಕ್ಕೆ ಆಟವಿದ್ದರೆ ಸ್ಟಿಯರಿಂಗಿನ ಟೈ ರಾಡ್ ಕಡೆ ನೋಡಬೇಕು. ಆದರೆ ಜಾಕ್ ಎಲ್ಲಿ ಕೊಡುತ್ತೇವೆ ಎಂಬುದರ ಮೇಲೆ ಪರೀಕ್ಷೆಯ ಫಲ ನಿಂತಿದೆ. ಸ್ಪ್ರಿಂಗು ಅಥವಾ ಸರಳು ಕೆಳಗಿನ ಆರ್ಮಿಗೆ ಸೇರಿದ್ದರೆ ಜಾಕನ್ನು ಅದೇ ಆರ್ಮಿನ ಕೆಳಗೆ, ಚಕ್ರಕ್ಕೆ ಆದಷ್ಟು ಹತ್ತಿರ ಕೊಡಬೇಕು. ಮೇಲಿನ ಆರ್ಮಿಗೆ ಸೇರಿದ್ದರೆ ಆ ಆರ್ಮು ಇಳಿಯದಂತೆ ಮರದ ತುಂಡು ಸಿಕ್ಕಿಸಿ ಚಾಸಿಗೆ ಜಾಕ್ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡವೇ ಸವೆದ ಗುಂಡನ್ನು ಬಟ್ಟಲಿಗೆ ಅಮುಕಿ ಹಿಡಿದು, ಕೆಟ್ಟ ಜಾಯಿಂಟು ಒಳ್ಳೆಯದರಂತೆ ಕಾಣುತ್ತದೆ.

ರಿಪೇರಿಯಲ್ಲೂ ಇಂಥದೇ ಒಂದು ಗುಟ್ಟಿದೆ. ಹೊಸ ರಬ್ಬರ್ ಬುಷ್ ಹಾಕುವಾಗ ಗಾಡಿ ಲಿಫ್ಟಿನ ಮೇಲಿರುತ್ತದೆ, ಚಕ್ರಗಳು ಜೋತಾಡುತ್ತಿರುತ್ತವೆ. ಅಲ್ಲೇ ಬೋಲ್ಟ್ ಬಿಗಿದರೆ ರಬ್ಬರು ಆ ಜೋತ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿದ ಕ್ಷಣದಿಂದ ಅದು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗನೆ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರ ಕೊನೆಯ ಬಿಗಿತ ಕೊಡಬೇಕು. ವೀಲ್ ಅಲೈನ್‌ಮೆಂಟ್ ಎಲ್ಲ ಮುಗಿದ ಮೇಲಿನ ಕೆಲಸ. ಸವೆದ ಜಾಯಿಂಟುಗಳ ಮೇಲೆ ಅಲೈನ್‌ಮೆಂಟ್ ಮಾಡಿಸುವುದು ಮರಳಿನ ಮೇಲೆ ಗೆರೆ ಎಳೆದ ಹಾಗೆ.

ತಯಾರಕರು ಹೊರಟುಹೋದ ಮೇಲೆ

ಇಷ್ಟೆಲ್ಲ ಪರೀಕ್ಷೆಗೆ ಇಂದು ಇನ್ನಷ್ಟು ಬೆಲೆ ಬಂದಿದೆ. ಬಿಡಿಭಾಗ ಸುಲಭವಾಗಿ ಸಿಗುತ್ತಿದ್ದಾಗ ಊಹೆಯಿಂದ ನಾಲ್ಕು ಭಾಗ ಬದಲಿಸಿದರೂ ನಷ್ಟ ಹಣದ್ದು ಮಾತ್ರ. ಆದರೆ ಚೆನ್ನೈನ ಎರಡೂ ಎಸ್‌ಯುವಿಗಳು ಇಂದು ತವರಿಲ್ಲದವು. 2012ರ ಹೊತ್ತಿಗೆ ಹಳೆಯ ಪಜೆರೊ ನಿಂತು ಪಜೆರೊ ಸ್ಪೋರ್ಟ್ ಬಂತು, ನಂತರ ಅದೂ ಮರೆಯಾಯಿತು. ಫೋರ್ಡ್ 2021ರ ಸೆಪ್ಟೆಂಬರ್ 9ರಂದು ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು, ಮರುವರ್ಷ ಮರೈಮಲೈ ನಗರದ ಸಾಲು ಸ್ತಬ್ಧವಾಯಿತು. ಆ ಕಾರ್ಖಾನೆಯನ್ನು ರಫ್ತಿಗಾಗಿ ಬಳಸುವ ಮಾತು 2024ರಲ್ಲಿ ಮತ್ತೆ ಬಂದಿದೆ. ಹಳೆಯ ಎಂಡೆವರ್‌ಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಮದ್ರಾಸಿಗೆ ಇದು ಹೊಸದೂ ಅಲ್ಲ. 1985ರಲ್ಲಿ ‘ಸ್ಟ್ಯಾಂಡರ್ಡ್ 2000’ ಎಂಬ ಕಾರು ತಂದ ವಂಡಲೂರಿನ ಕಾರ್ಖಾನೆಯಲ್ಲಿ ಆ ದಶಕ ಮುಗಿಯುವ ಮೊದಲೇ ತಯಾರಿಕೆ ನಿಂತಿತ್ತು.

ಆಗ ಉಳಿಯುವುದು ಊರಿನ ಗಲ್ಲಿಗಳು. ನುಂಗಂಬಾಕ್ಕಂನಿಂದ ಕೂವಂ ನದಿಯ ಜಾಡು ಹಿಡಿದು ಪೂರ್ವಕ್ಕೆ ಹೋದರೆ ಎಗ್ಮೋರಿನ ಪಕ್ಕ ಪುದುಪೇಟೆ. ಹಳೆಯ ಗಾಡಿಗಳನ್ನು ಬಿಚ್ಚಿ ಭಾಗಗಳಾಗಿ ಮಾರುವ ಗುಜರಿ ಪೇಟೆ. ಮೌಂಟ್ ರೋಡಿಗೆ ಹೊಂದಿಕೊಂಡ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಹೊಸ ಬಿಡಿಭಾಗಗಳ ಅಂಗಡಿಗಳು. ಟೈ ರಾಡ್, ಬಾಲ್ ಜಾಯಿಂಟುಗಳ ತಯಾರಿಕೆಯೂ ಈ ನಗರಕ್ಕೆ ಹೊಸದಲ್ಲ: 1929ರಲ್ಲಿ ಮಾರಾಟ ಸಂಸ್ಥೆಯಾಗಿ ಆರಂಭವಾದ ರಾಣೆ (ಮದ್ರಾಸ್) ಮುಂದೆ ಇದೇ ಕೆಲಸಕ್ಕೆ ಹೆಸರಾಯಿತು.

ಎಲ್ಲಿಂದ ಏನು ತರಬಹುದು ಎಂಬುದಕ್ಕೆ ಒಂದು ಗೆರೆ ಇರಬೇಕು. ಗುಜರಿಯಿಂದ ತಂದ ಲೋಹದ ಆರ್ಮು ನೆಟ್ಟಗಿದ್ದು, ಬಿರುಕು, ಆಳದ ತುಕ್ಕು ಇಲ್ಲದಿದ್ದರೆ ಬಳಸಬಹುದು. ಬಳಸಿದ ಬಾಲ್ ಜಾಯಿಂಟ್, ಬುಷ್, ಶಾಕ್ ಅಬ್ಸಾರ್ಬರ್ ತರಬಾರದು. ಅವುಗಳ ವಯಸ್ಸು ಹೊರಗಿನಿಂದ ಕಾಣುವುದಿಲ್ಲ. ಸವೆದ ಬಾಲ್ ಜಾಯಿಂಟಿಗೆ ವೆಲ್ಡಿಂಗ್ ಮಾಡಿ ‘ಗಟ್ಟಿ’ ಮಾಡುವುದಂತೂ ಕೂಡದು. ಶಾಖಕ್ಕೆ ಉಕ್ಕಿನ ಹದ ಹೋಗುತ್ತದೆ. ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಹೊರಟ ತುಂಬಿದ ಗಾಡಿಯಲ್ಲಿ ಅದು ಮುರಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಕಾನೂನಿನ ಗಡಿಯಾರವೂ ಓಡುತ್ತಿದೆ. ಖಾಸಗಿ ಗಾಡಿಯ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮುಂದೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಮಾಲೀಕರು ಆಗ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ: ಗಾಡಿಯನ್ನು ಗುಜರಿಗೆ ಕೊಡುವುದು, ಇಲ್ಲವೇ ಸದ್ದು ಕೇಳದಷ್ಟು ರಿಪೇರಿ ಮಾಡಿಸಿ ದಾಟಿಸುವುದು. ಟೇಪು, ಜಾಕು, ಒಂದು ಸನ್ನೆಕೋಲು ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಮೂರನೆಯ ದಾರಿಯೂ ಇದೆ: ಕೆಟ್ಟದ್ದು ಯಾವುದು ಎಂದು ಗೊತ್ತುಮಾಡಿಕೊಂಡು ಅದನ್ನಷ್ಟೇ ಬದಲಿಸುವುದು, ನಾಲ್ಕು ಚಕ್ರಗಳ ಎತ್ತರವನ್ನೂ ಹಾಕಿದ ಭಾಗವನ್ನೂ ತಾರೀಖಿನ ಸಮೇತ ಬರೆದಿಡುವುದು. ಆ ಚೀಟಿ ಇದ್ದರೆ ಮುಂದಿನ ಸಲ ಸದ್ದು ಬಂದಾಗ ಮೊದಲಿಂದ ಹುಡುಕಬೇಕಾಗಿಲ್ಲ.

ಪಜೆರೊ ಹುಟ್ಟಿದ ತಿರುವಳ್ಳೂರಿನ ಕಾರ್ಖಾನೆ ಖಾಲಿ ಉಳಿಯಲಿಲ್ಲ. 2021ರಿಂದ ಅಲ್ಲಿ ಸಿಟ್ರೊಯೆನ್ ಕಾರುಗಳು ತಯಾರಾಗುತ್ತಿವೆ. 1934ರಲ್ಲಿ ಟಾರ್ಷನ್ ಬಾರನ್ನು ಮನೆಮನೆಗೆ ತಲುಪಿಸಿದ ಅದೇ ಕಂಪನಿ. ಅಲ್ಲಿಂದ ಮೊದಲು ಹೊರಬಂದ ಸಿ5 ಏರ್‌ಕ್ರಾಸ್‌ನಲ್ಲಿ ಸರಳುಗಳಿಲ್ಲ. ಶಾಕ್ ಅಬ್ಸಾರ್ಬರ್‌ನ ಎರಡೂ ಕೊನೆಯಲ್ಲಿ ಹೊಡೆತ ಮೆತ್ತಗಾಗಿಸುವ ಎಣ್ಣೆಯ ಮೆತ್ತೆಗಳಿವೆ. ಇನ್ನೊಂದು ಹದಿನೈದು ವರ್ಷಕ್ಕೆ ಅವೂ ಸೋರಲು ಶುರುವಾಗುತ್ತವೆ, ಚೆನ್ನೈನ ಗ್ಯಾರೇಜುಗಳು ಅವನ್ನೂ ಕಲಿಯಬೇಕಾಗುತ್ತದೆ.